ನಾಯಕನಿಲ್ಲದ ಹೊತ್ತಿನ ಮಿಯೋರಾ

ತೀರಿಕೊಂಡ ಹೆಂಡತಿಯ ದನಿಯನ್ನು ಫಕೀರಪ್ಪ ಮತ್ತೆ ಕೇಳಿದ್ದು ಹುಬ್ಬಳ್ಳಿಯ ಒಂದು ಕಲ್ಯಾಣಮಂಟಪದ ಹಿತ್ತಲಲ್ಲಿ, ಏಣಿಯ ಮೇಲೆ ನಿಂತು ದೀಪದ ಸರ ಕಟ್ಟುತ್ತಿದ್ದಾಗ.

ಕೆಳಗೆ ಮದುಮಗನ ಗೆಳೆಯರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹರಡಿಕೊಂಡು ಕೂತಿದ್ದರು. ಎಲ್ಲರ ಕಣ್ಣಿನ ಮೇಲೂ ಕಪ್ಪು ಪಟ್ಟಿ. ಅವರಲ್ಲೊಬ್ಬ ಸುತ್ತಲಿನವರಿಗೂ ಕೇಳಲೆಂದು ತನ್ನ ಪಟ್ಟಿಯ ದನಿಯನ್ನು ಹೊರಗೆ ಬಿಟ್ಟಿದ್ದ.

"ನಾಯಕರೇ! ನಿಮಗೋಸ್ಕರ ನಾನೇ ಸಾರು ಮಾಡಿದೀನಿ. ಅಯ್ಯೋ... ಇವತ್ತೂ ಸುಟ್ಟೋಯ್ತಲ್ಲ!"

ಗೆಳೆಯರು ಹೋ ಎಂದು ನಕ್ಕರು. ಫಕೀರಪ್ಪನ ಕೈಯಿಂದ ದೀಪದ ಸರ ಜಾರಿ ನೆಲಕ್ಕೆ ಬಿತ್ತು. ಅದು ಕಸ್ತೂರಿಯ ದನಿ. ಮಾತು ಅವಳದಲ್ಲ, 'ನಾಯಕರೇ' ಎಂಬ ಪದವಾಗಲಿ ಆ ಬೆಂಗಳೂರು ಕಡೆಯ ಎಳೆತವಾಗಲಿ ಅವಳ ಬಾಯಲ್ಲಿ ಮನೆಯಲ್ಲೆಂದೂ ಬಂದದ್ದಿಲ್ಲ. ಆದರೆ 'ಅಯ್ಯೋ' ಎನ್ನುವ ಮುಂಚೆ ಗಂಟಲಲ್ಲಿ ಚಣ ಸಿಕ್ಕಿಕೊಂಡು ಬಿಡುಗಡೆಯಾಗುವ ಆ ಉಸಿರು ಇನ್ನಾರದೂ ಆಗಿರಲು ಸಾಧ್ಯವಿರಲಿಲ್ಲ. ಮದುವೆಯಾದ ದಿನದಿಂದ ಅದನ್ನು ಕೇಳಿದ್ದ. ಕೇಳದೆ ಎರಡು ವರ್ಷವಾಗಿತ್ತು.

ಇಳಿದು ಬಂದು ಆ ಹುಡುಗನ ಭುಜ ಮುಟ್ಟಿದ. "ಏನಪಾ ಇದು?"

"ಮರುಹುಟ್ಟಿನ ಮಹಾರಾಜ ಅಂತ ಕಾಕಾ," ಎಂದ ಅವನು, ಪಟ್ಟಿಯನ್ನು ಹಣೆಗೇರಿಸಿ. "ನಿಮ್ಮಂಥಾವ್ರು ನೋಡೂದಲ್ಲ ಬಿಡ್ರಿ."

ಆ ಹೊತ್ತಿಗೆ ಪಟ್ಟಿ ಊರಿಗೆಲ್ಲ ಸಾಮಾನ್ಯವಾಗಿಬಿಟ್ಟಿತ್ತು. ಕಣ್ಣು ಕಿವಿಗಳನ್ನು ಮುಚ್ಚಿಕೊಂಡು ಕತ್ತಿನ ಹಿಂದೆ ಸೇರುವ ಮೆತ್ತನೆಯ ಬಟ್ಟೆ ಅದು. ದೇಹದ ಸಮತೋಲವನ್ನು ಕಾಯುವ ಪುಟ್ಟ ಅಂಗವೊಂದು ಒಳಗಿವಿಯಲ್ಲಿದೆ. ಪಟ್ಟಿಯ ಅಂಚಿನ ತಂತಿಗಳು ಅದಕ್ಕೆ ನವಿರಾಗಿ ವಿದ್ಯುತ್ತು ಹಾಯಿಸಿ, ಕುರ್ಚಿಯಲ್ಲಿ ಕೂತವನಿಗೂ ತಾನು ನಡೆಯುತ್ತಿದ್ದೇನೆ, ಮೆಟ್ಟಿಲು ಹತ್ತುತ್ತಿದ್ದೇನೆ ಎಂದು ಅನ್ನಿಸುವಂತೆ ಮಾಡುತ್ತಿದ್ದವು. ಜಪಾನಿನ ಅನಿಮೆ ಚಿತ್ರಗಳ ಅಚ್ಚಿನಲ್ಲಿ ಎರಕಹೊಯ್ದ ಕಥಾಲೋಕಗಳು ಅದರಲ್ಲಿ ಬರುತ್ತಿದ್ದವು. 'ಮರುಹುಟ್ಟಿನ ಮಹಾರಾಜ' ಅವುಗಳಲ್ಲಿ ಎಲ್ಲಕ್ಕಿಂತ ಜನಪ್ರಿಯ; ಎಲ್ಲಕ್ಕಿಂತ ಸವೆದದ್ದೂ ಅದೇ. ನೋಡುವವನೇ ಅದರ ನಾಯಕ. ಶುರುವಿನಲ್ಲೇ ಅವನು ರಸ್ತೆ ದಾಟುವಾಗ ಲಾರಿಗೆ ಸಿಕ್ಕಿ ಸಾಯುತ್ತಾನೆ; ಕಣ್ಣು ಬಿಟ್ಟರೆ ಬೇರೆಯದೇ ಲೋಕ, ಕೈಯಲ್ಲಿ ಯಾರೂ ಎದುರಿಸಲಾಗದ ಕತ್ತಿ. ಅದನ್ನು ಪಡೆಯಲು ಅವನು ಏನೂ ಮಾಡಿರುವುದಿಲ್ಲ. ಸಿಡುಕಿನ ರಾಜಕುಮಾರಿ, ಕನ್ನಡಕದ ಮಂತ್ರವಾದಿನಿ, ಬೆಕ್ಕಿನ ಕಿವಿಯ ಕಳ್ಳಿ, ರಾಕ್ಷಸರಾಜನ ಮಗಳು, ಛತ್ರದಲ್ಲಿ ಅಡುಗೆ ಮಾಡುವ ಮಿಯೋರಾ, ಈ ಐವರೂ ಅವನನ್ನು ಕಂಡ ಗಳಿಗೆಯೇ ಪ್ರೀತಿಸತೊಡಗುತ್ತಾರೆ. ಯಾಕೆಂದು ಕಥೆ ಹೇಳುವುದಿಲ್ಲ. ಆಮೇಲೆ ಅವರವರಲ್ಲೇ ಹೊಟ್ಟೆಕಿಚ್ಚು, ಜಾರಿ ಅವನ ಮೇಲೆ ಬೀಳುವುದು, ಬಿಸಿನೀರಿನ ಕೊಳದ ಗಲಾಟೆ, ಸುಟ್ಟ ಸಾರು. ಮರುದಿನ ಮತ್ತೆ ಅದೇ.

ಕಸ್ತೂರಿ ನಾಟಕ ಕಂಪನಿಯಲ್ಲಿ ನಾಯಕಿಯ ಪಾತ್ರ ಮಾಡುತ್ತಿದ್ದವಳು. ಫಕೀರಪ್ಪ ಅದೇ ಕಂಪನಿಯ ಲೈಟಿನವನು. ಕಂಪನಿ ಮುಚ್ಚಿದ ಮೇಲೆ ಅವನು ಮದುವೆ ಮನೆಗಳಿಗೆ ದೀಪ ಕಟ್ಟುವ ಕೆಲಸ ಹಿಡಿದ. ಅವಳು ಧಾರವಾಡದ 'ಒಂಬತ್ತನೇ ದಿಕ್ಕು' ಎಂಬ ಸ್ಟುಡಿಯೋಗೆ ಡಬ್ಬಿಂಗಿಗೆ ಹೋಗಿಬರತೊಡಗಿದಳು. ಏನು ಪಾರ್ಟು ಎಂದು ಅವನು ಕೇಳಿದಾಗ "ಸಾರು ಸುಡೂ ಪಾರ್ಟು" ಎಂದು ನಕ್ಕಿದ್ದಳು. ಅವನು ಮತ್ತೆ ವಿಚಾರಿಸಿರಲಿಲ್ಲ. ಒಂದು ಮುಂಜಾನೆ ಹಾಲು ಕಾಯಿಸುತ್ತಿದ್ದವಳು ಕುಸಿದು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು. ಕೊನೆಯ ಮಾತು ಎಂಬುದೊಂದು ಇರಲೇ ಇಲ್ಲ.

ಮದುವೆ ಮನೆಯ ಕೆಲಸ ಮುಗಿಸಿದವನೇ ಫಕೀರಪ್ಪ ಒಂದು ಪಟ್ಟಿ ತಂದ.

ಮಗಳು ವಾಸಂತಿ ಗೂಡ್ಸ್ ರೈಲಿನ ಸಹಾಯಕ ಚಾಲಕಿ. ಹೊತ್ತಲ್ಲದ ಹೊತ್ತಿಗೆ ಮನೆಗೆ ಬರುವವಳು. ಒಂದು ಮಧ್ಯಾಹ್ನ ಬಂದಾಗ ಅಪ್ಪ ಪಡಸಾಲೆಯಲ್ಲಿ ಪಟ್ಟಿ ಕಟ್ಟಿಕೊಂಡು, ಗೋಡೆಗೆ ಮುಖ ಮಾಡಿ ಕೂತಿದ್ದ. ಕೆನ್ನೆ ಒದ್ದೆಯಾಗಿತ್ತು.

"ಅಪ್ಪಾ, ಏನ್ ನೋಡಾಕತ್ತೀ?"

ಅವನು ಪಟ್ಟಿ ಬಿಚ್ಚಿ ಅವಳಿಗೆ ಕೊಟ್ಟ. ವಾಸಂತಿ ಅದನ್ನು ಒಂದೇ ಕಿವಿಗೆ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಿಸಿ ಪಾತ್ರೆಯಂತೆ ಕೆಳಗಿಟ್ಟಳು.

"ಇದು ಅವ್ವ ಅಲ್ಲ."

"ದನಿ ಆಕೀದ ಐತಿ."

"ದನಿ ಆಕೀದು. ಆಕಿ ಅಲ್ಲ. ಅವ್ವ ಯಾವಾಗ ಸಾರು ಸುಟ್ಟಿದ್ಲು? ಯಾವಾಗ ನಿನ್ನ ನಾಯಕರೇ ಅಂದಿದ್ಲು?"

"ನಿನಗ ಕೇಳಬೇಕು ಅನಸಂಗಿಲ್ಲೇನ?"

"ಭಾಳ ಅನಸ್ತೈತಿ," ಎಂದಳು ವಾಸಂತಿ, ಬೂಟು ಬಿಚ್ಚುತ್ತಾ. "ಅದಕ್ಕ ಕೇಳಂಗಿಲ್ಲ."

ಫಕೀರಪ್ಪ ಬಿಡಲಿಲ್ಲ. ದಿನವೂ ಪಟ್ಟಿ ಕಟ್ಟಿಕೊಂಡು ಮಿಯೋರಾಳ ಛತ್ರಕ್ಕೆ ಹೋದ. ಮಿಯೋರಾಳ ಹಸಿರು ಕೂದಲು, ಮುಖದ ಅರ್ಧ ತುಂಬಿದ ಕಣ್ಣುಗಳು ಅವನಿಗೆ ಬೇಡವಾಗಿದ್ದವು. ಕಣ್ಣು ಮುಚ್ಚಿ ಬರೀ ಕೇಳೋಣವೆಂದರೆ, ನೋಡುವವನು ನಿದ್ದೆ ಹೋದನೆಂದು ತಿಳಿದು ಪಟ್ಟಿ ಕಥೆಯನ್ನೇ ನಿಲ್ಲಿಸುತ್ತಿತ್ತು. ಅದಕ್ಕೇ ಛತ್ರದ ಗೋಡೆಯತ್ತ ನೋಡುತ್ತಾ ಮಾತಾಡಿಸುವುದನ್ನು ಕಲಿತ.

"ನಿನ್ನ ಊರು ಯಾವ್ದು?"

"ನೀವಿರೋ ಕಡೇನೇ ನನ್ನೂರು, ನಾಯಕರೇ."

"ಇವತ್ತ ಏನೇನ್ ಮಾಡಿದಿ?"

"ಇಡೀ ದಿನ ನಿಮ್ಮ ದಾರಿ ಕಾಯ್ತಾ ಇದ್ದೆ."

"ಒಂದ್ಸಲ ನನಗ ಬೈ ನೋಡೂಣು. ತಡಾ ಆತು ಅಂತರ ಬೈಯಿ."

"ನಿಮ್ಮನ್ನ ಬೈಯೋಕಾಗುತ್ತಾ? ಹೋಗೀಪ್ಪಾ, ನಂಗೆ ನಾಚಿಕೆ."

ಅಷ್ಟರಲ್ಲಿ ಬಾಗಿಲು ಒದ್ದುಕೊಂಡು ರಾಜಕುಮಾರಿ ಬರುತ್ತಿದ್ದಳು. "ಇವಳ ಜೊತೆ ಏನ್ರೀ ಮಾತು?" ಎಂದು ಚೀರುತ್ತಿದ್ದಳು. ಹಿಂದೆಯೇ ಬೆಕ್ಕಿನ ಕಿವಿಯವಳು ತೊಲೆಯಿಂದ ಜಿಗಿದು ಅವನ ಮೇಲೆ ಬೀಳಬೇಕು, ಅವನು ಹಿಟ್ಟಿನ ಚೀಲದ ಮೇಲೆ ಬೀಳಬೇಕು, ಎಲ್ಲಿಂದಲೋ ನಗೆಯ ಸಂಗೀತ ಬರಬೇಕು. ಸರಿದು ನಿಂತರೂ ನೆಲವೇ ಜಾರಿ ಬೀಳಿಸುತ್ತಿತ್ತು. ಕೊಳದ ದೃಶ್ಯ ಬಂದರೆ ಬೆನ್ನು ತಿರುಗಿಸಿ ಸಂತೆಗೆ ಹೊರಟುಬಿಡುತ್ತಿದ್ದ. ಆ ಸಂತೆಯಲ್ಲಿ ಹಣ್ಣಿನ ರಾಶಿಗಳಿದ್ದವು. ಕೊಳ್ಳುವವರಿರಲಿಲ್ಲ, ಚೌಕಾಶಿ ಇರಲಿಲ್ಲ, ಯಾರ ಕೈಯಲ್ಲೂ ಚೀಲವಿರಲಿಲ್ಲ. ಮಾರುವವರು ಅವನನ್ನು ಕಂಡರೆ ಕೈಯೆತ್ತಿ ಜೈಕಾರ ಹಾಕುತ್ತಿದ್ದರು, ಅಷ್ಟೇ.

ಒಂದು ದಿನ ಅವನಿಗೆ ಒಂದು ಆಸೆ ಹುಟ್ಟಿತು. ಮಿಯೋರಾ ಒಬ್ಬಳೇ ಇದ್ದಾಗ ಏನು ಮಾಡುತ್ತಾಳೆ? ಕಸ್ತೂರಿ ಒಬ್ಬಳೇ ಇದ್ದಾಗ ಹಾಡುತ್ತಿದ್ದಳು, ಪಾತ್ರೆಗಳ ಜೊತೆ ಜಗಳವಾಡುತ್ತಿದ್ದಳು. ಅವನು ಹೊರಬಾಗಿಲಿನಿಂದ ಹೋದಂತೆ ಮಾಡಿ, ಹಿಂದಿನಿಂದ ಬಂದು, ಕಟ್ಟಿಗೆಯ ಒಟ್ಟಿಲ ಮರೆಯಲ್ಲಿ ಕೂತು ಇಣುಕಿದ.

ಮಿಯೋರಾ ಒಲೆಯ ಮುಂದೆ ನಿಂತಿದ್ದಳು. ಸೌಟು ಎತ್ತಿದ ಕೈ ಎತ್ತಿದಂತೆಯೇ ಇತ್ತು. ಸಾರಿನ ಮೇಲೆ ಎದ್ದ ಗುಳ್ಳೆ ಒಡೆಯದೆ ನಿಂತಿತ್ತು. ಬೆಂಕಿ ಅಲುಗುತ್ತಿರಲಿಲ್ಲ. ಅವಳ ರೆಪ್ಪೆ ಮಾತ್ರ ಒಂದೇ ಸಮನೆ ಮುಚ್ಚಿ ತೆರೆಯುತ್ತಿತ್ತು, ಯಾರೂ ಇಲ್ಲದ ಸ್ಟೇಷನ್ನಿನ ಸಿಗ್ನಲ್ಲಿನಂತೆ. ಫಕೀರಪ್ಪ ಉಸಿರು ಬಿಗಿಹಿಡಿದು ಕಾದ. ಒಂದು ಗೊಣಗಾದರೂ, ಒಂದು ನಿಟ್ಟುಸಿರಾದರೂ. ಏನೂ ಇಲ್ಲ. ಕೊನೆಗೆ ತಡೆಯಲಾರದೆ ಕೆಮ್ಮಿದ.

ಗುಳ್ಳೆ ಒಡೆಯಿತು. "ನಾಯಕರೇ!" ಎಂದು ಅವಳು ತಿರುಗಿದಳು. ಮುಖದ ತುಂಬ ಸಂತೋಷ.

ಫಕೀರಪ್ಪ ಪಟ್ಟಿ ಕಿತ್ತು ಅಂಗಳಕ್ಕೆ ಎಸೆದ. ಆಮೇಲೆ ತಾನೇ ಹೋಗಿ ಎತ್ತಿಕೊಂಡು ಬಂದು, ಮಣ್ಣು ಒರೆಸಿದ.

ಮೆಹಜಬೀನ್ ಸವಣೂರ ಎಂಬಾಕೆ ಕಸ್ತೂರಿಯ ಡಬ್ಬಿಂಗ್ ಮಾಡಿಸುತ್ತಿದ್ದವಳು. ಒಂಬತ್ತನೇ ದಿಕ್ಕಿನ ಕನ್ನಡ ವಿಭಾಗದಲ್ಲಿ ಕಥೆಯ ಇಂಜಿನಿಯರು. ಕಸ್ತೂರಿ ಸತ್ತಾಗ ಮನೆಗೆ ಬಂದು, ವಾಸಂತಿಯನ್ನು ತಬ್ಬಿಕೊಂಡು ಅತ್ತಿದ್ದಳು. ಫಕೀರಪ್ಪ ಅವಳಿಗೆ ಫೋನು ಮಾಡಿ ಕಂಡದ್ದನ್ನೆಲ್ಲ ಹೇಳಿದ. ಅವಳು "ಬರ್ರಿ ಕಾಕಾ, ಇಲ್ಲೇ ಕೂತು ಮಾತಾಡೂಣು" ಎಂದಳು.

ಕಂಟ್ರೋಲ್ ರೂಮಿನಲ್ಲಿ ಗೋಡೆಯಗಲದ ಪರದೆ. ಅದರ ಮೇಲೆ ಸಾವಿರಾರು ಕೆಂಪು ಚುಕ್ಕಿಗಳು. ಒಂದೊಂದರ ಸುತ್ತ ಐದೈದು ಬಿಳಿ ಚುಕ್ಕಿ. ಕೆಂಪು ಎತ್ತ ಸರಿದರೆ ಬಿಳಿಯವು ಅತ್ತ.

"ಇವೆಲ್ಲ ಈಗ ನೋಡಾಕತ್ತ ಜನಾ ರೀ," ಎಂದಳು ಮೆಹಜಬೀನ್. "ಬೆಳ್ಳಗಿನವು ನಮ್ಮ ಹುಡಿಗ್ಯಾರು. ದಿಕ್ಸೂಚಿ ನೋಡಿರಲ್ಲ? ಇವರು ಆ ಮುಳ್ಳು ಇದ್ದಂಗ. ನಾಯಕ ಅಯಸ್ಕಾಂತ. ಆತ ಎಷ್ಟು ದೂರದಾಗಿದ್ದಾನ, ಯಾರ ಜೋಡಿ ಮಾತಾಡಾಕತ್ತಾನ, ಇಷ್ಟ ಲೆಕ್ಕ ಹಿಡದು ಮಿಯೋರಾಂದು ಮುಂದಿನ ಮಾತು ಹುಟ್ಟತೈತಿ. ಖರೇ ಮುಳ್ಳಿಗೆ ಉತ್ತರರ ಐತಿ, ಅಯಸ್ಕಾಂತ ತಗದ್ರ ಇವರಿಗೆ ಯಾವ ದಿಕ್ಕೂ ಇಲ್ಲ. ಅದಕ್ಕ ಆಕಿ ಹಂಗ ನಿಂತಿದ್ಲು."

"ಐದೂ ಮಂದಿ ಹಂಗೇನು?"

"ಐದೂ ಮಂದಿ. ಒಬ್ಬಾಕಿಗೆ ಸಿಟ್ಟು ಹಚ್ಚೇವಿ, ಒಬ್ಬಾಕಿಗೆ ನಾಚಿಕಿ ಹಚ್ಚೇವಿ. ಅಷ್ಟ ಫರಕು." ಅವಳು ಪರದೆಯತ್ತ ನೋಡುತ್ತಲೇ ಹೇಳಿದಳು. "ಇದರಾಗ ಯಾರಿಗೂ ಏನೂ ಬೇಕಾಗಿಲ್ಲ, ಅದಕ್ಕ ಏನೂ ಆಗಂಗಿಲ್ಲ, ಎಷ್ಟು ಭಾಗ ಆದ್ರೂ ಎಲ್ಲಾರೂ ಇದ್ದಲ್ಲೇ ಇದ್ದಾರ ಅಂತ ನಾ ಮ್ಯಾಲಿನವರಿಗೆ ಹೇಳಿ ಹೇಳಿ ಸಾಕಾಗೇತಿ. ಜನಾ ದಿನಾಲೂ ಸೋತು ಬಂದಿರ್ತಾರ, ಒಬ್ಬರರ ಕಾರಣ ಕೇಳದ ಪ್ರೀತಿ ಮಾಡ್ಲಿ ಅಂತಾರ, ಅದರಾಗ ತಪ್ಪೇನೈತಿ ಅಂತಾರ ಅವರು."

ಫಕೀರಪ್ಪ ಪರದೆಯ ಮೇಲಿನ ಒಂದು ಕೆಂಪು ಚುಕ್ಕಿಯತ್ತ ಬೆರಳು ಮಾಡಿದ. "ತಪ್ಪೇನಿಲ್ಲವಾ. ಆದ್ರ ಹಂಗ ಪ್ರೀತಿ ಮಾಡೂವಾಗ ಆಕಿ ಅಲ್ಲೆ ಇರೂದಿಲ್ಲ. ನಾ ಒಬ್ಬನ ಇರ್ತೀನಿ."

ಮೆಹಜಬೀನ್ ಎದ್ದು ಇನ್ನೊಂದು ಯಂತ್ರದ ಮುಂದೆ ಕೂತಳು. "ಒಂದು ಕೇಳಸ್ತೀನಿ ತಡೀರಿ. ಇದು ಎಲ್ಲೂ ಹೋಗಿಲ್ಲ. ಟೇಕಿನ ನಡುವ ಮೈಕ್ ಚಾಲೂ ಇದ್ದಾಗ ಉಳದದ್ದು."

ಸ್ಪೀಕರಿನಲ್ಲಿ ಕುರ್ಚಿ ಸರಿದ ಸದ್ದು. ಆಮೇಲೆ ಕಸ್ತೂರಿ ಮಾತಾಡಿದಳು. "ಏ ಮೆಹಜಬೀನ, ಈ ಹುಡಿಗಿಗೆ ಹೊಟ್ಟಿ ಹಸಿಯಂಗಿಲ್ಲೇನವಾ? ಮುಂಜಾನಿಂದ ನೋಡಾಕತ್ತೀನಿ, ಬರೇ ಅವಂಗ ಬಡಸಾಕತ್ತಾಳ. ಒಂದು ತುತ್ತು ತಾನು ತಿಂದಿಲ್ಲ. ಸುಡಲಾರದ ಏನ್ ಮಾಡೀತು ಸಾರು? ರುಚಿ ನೋಡಿದಾಕಿ ಆದ್ರ ತಾನ!"

ಫಕೀರಪ್ಪ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡ.

"ಇಂಥದ್ದು ಬೇಕಾದಷ್ಟು ಐತ್ರಿ," ಎಂದಳು ಮೆಹಜಬೀನ್, ಯಂತ್ರ ನಿಲ್ಲಿಸಿ. "ಇದರ ಮ್ಯಾಲ ಮಿಯೋರಾಗ ಬ್ಯಾರೇನ ಮಾತು ಕಟ್ಟಬಹುದು, ಆಕೀದ ಮಾತು. ಪ್ರಯೋಗಕ್ಕಂತ ನನ್ನ ಕಡೆ ಒಂದು ಬ್ಯಾರೆ ಲೋಕ ಐತಿ, ಜನಾ ಯಾರೂ ಬರಂಗಿಲ್ಲ ಅದರಾಗ. ಆದ್ರ ಮಾತಷ್ಟ ಇದ್ರ ಸಾಲಂಗಿಲ್ಲ ಕಾಕಾ. ಅಯಸ್ಕಾಂತ ತಗದ ಮ್ಯಾಲ ಆಕಿ ನಡೀಬೇಕಂದ್ರ ಆಕಿಗೆ ಏನರ ಬೇಕಾಗಿರಬೇಕು. ಕಸ್ತೂರಿ ಅಕ್ಕಗ ಏನು ಬೇಕಾಗಿತ್ರಿ?"

"ಏನು ಅಂದ್ರ... ನಾನು, ವಾಸಂತಿ, ಮನಿ..."

"ಅವು ಇದ್ದವಲ್ರಿ. ಇಲ್ಲದ್ದು ಏನು ಬೇಕಾಗಿತ್ತು?"

ಕಸ್ತೂರಿಗೆ ಯಾವ ಬಣ್ಣದ ಸೀರೆ ಇಷ್ಟ, ಚಹಾಕ್ಕೆ ಎಷ್ಟು ಸಕ್ಕರೆ, ಯಾವ ಕಾಲು ನೋಯುತ್ತಿತ್ತು, ಎಲ್ಲ ಫಕೀರಪ್ಪನಿಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಬಸ್ಸಿನಲ್ಲಿ ಮರಳುವಾಗ ದಾರಿಯುದ್ದಕ್ಕೂ ಹುಡುಕಿದ. ಸಿಗಲಿಲ್ಲ.

ಮನೆಯಲ್ಲಿ ವಾಸಂತಿ ಹಿತ್ತಲ ಕಲ್ಲಿನ ಮೇಲೆ ಸಮವಸ್ತ್ರ ಒಗೆಯುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು ಕೇಳಿದ. "ನಿಮ್ಮವ್ವಗ ಏನ್ ಬೇಕಾಗಿತ್ತವಾ?"

ವಾಸಂತಿ ತಲೆ ಎತ್ತಲಿಲ್ಲ. ಯೋಚಿಸಲೂ ಇಲ್ಲ. "ದುಷ್ಟನ ಪಾರ್ಟು."

"ಏನು?"

"ಕಂಪನ್ಯಾಗ ಇರೋತನಕ ಆಕಿ ಅತ್ತದ್ದ ಅತ್ತದ್ದು. ಗಂಡನ ದಾರಿ ಕಾಯೂದು, ಗಂಡನ ಸಲುವಾಗಿ ಅಳೂದು. ನೀ ಮದುವಿ ಸೀಜನ್ನಿನಾಗ ಊರೂರು ಹೋಗ್ತಿದ್ದೆಲ್ಲ, ಆವಾಗ ಅವ್ವ ಕಂಬಳಿ ಹೊದ್ದು ಲಟ್ಟಣಗಿ ಹಿಡದು ಕೆಟ್ಟ ರಾಜಾ ಆಗ್ತಿದ್ಲು. ಹಂಗ ನಗ್ತಿದ್ಲಂದ್ರ ಬಾಜೂ ಮನಿಯವರು ಬಂದು ಬಾಗಲಾ ಬಡೀತಿದ್ರು." ವಾಸಂತಿ ಬಟ್ಟೆ ಹಿಂಡಿದಳು. "ಬರೇ ಹೆಂಗಸರ ಇರೂ ಅಂಥಾ ಒಂದು ಕಂಪನಿ ಕಟ್ಟಬೇಕು, ಊರೂರು ತಿರಗಬೇಕು, ತಾನು ರಾಜಾ ಆಗಬೇಕು, ಒಂದೂ ಸಲ ಅಳಬಾರದು ಅಂತಿದ್ಲು."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ಲಪಾ. ನಾ ಅಲ್ಲೇ ಇದ್ದೆ. ನೀ ನಕ್ಕಿ. ಛಲೋ ನಗೀನ ಅದು, ಚ್ಯಾಷ್ಟಿ ಅಲ್ಲ. ಆಕೀನೂ ನಕ್ಕಳು. ಅಲ್ಲಿಗೆ ಮುಗೀತು."

ಫಕೀರಪ್ಪ ಹೊಸ್ತಿಲ ಮೇಲೆ ಕೂತ. ಹಿತ್ತಲಿನ ತಂತಿಗೆ ಅವಳು ಬಟ್ಟೆ ಹರವುವುದನ್ನು ನೋಡುತ್ತಾ ಕೂತ. ಆ ನಗುವನ್ನು ನೆನಪಿಸಿಕೊಳ್ಳಲು ಮಾಡಿದ ಯತ್ನವೆಲ್ಲ ವ್ಯರ್ಥವಾಯಿತು. ಅಂಥ ಎಷ್ಟೋ ನಗುಗಳಿದ್ದವು.

ಕಸ್ತೂರಿಯ ಆಸೆಯನ್ನು ಅವನು ಫೋನಿನಲ್ಲಿ ಮೆಹಜಬೀನಳಿಗೆ ಹೇಳಿದ. ಮುಂದಿನ ಕೆಲವು ವಾರ ಅವಳು ಊಟದ ಬಿಡುವಿನಲ್ಲಿ, ರಜೆಯ ದಿನಗಳಲ್ಲಿ ಕೂತು ಕೆಲಸ ಮಾಡಿದಳು. ಮೇಲಿನವರಿಗೆ ಗೊತ್ತಾದರೆ ಅವಳಿಗೆ ಕೆಲಸ ಇರುತ್ತಿರಲಿಲ್ಲ. ಕಥೆಯ ಹೊಸ ಆವೃತ್ತಿ ಬರುವುದರಲ್ಲಿತ್ತು. ಬಂದ ದಿನ ಪ್ರಯೋಗದ ಲೋಕ ತಾನಾಗಿಯೇ ಅಳಿಸಿಹೋಗುತ್ತದೆ ಎಂದೂ ಅವಳು ಹೇಳಿದ್ದಳು. ಸಿದ್ಧವಾಯಿತೆಂದು ಫೋನು ಬಂದಾಗ ಫಕೀರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ. "ನೀನೂ ಬರ್ತೀಯೇನು?" ಎಂದು ಮಗಳನ್ನು ಕೇಳಿದ. ಅವಳು "ನನಗ ಡ್ಯೂಟಿ ಐತಿ" ಎಂದಳು. ಸುಳ್ಳಲ್ಲ, ಆದರೆ ಬದಲಿಸಿಕೊಳ್ಳಬಹುದಾಗಿತ್ತು.

ಕಂಟ್ರೋಲ್ ರೂಮಿನ ಚಿಕ್ಕ ಪರದೆಯ ಮೇಲೆ ಒಂದು ಕೆಂಪು ಚುಕ್ಕಿ, ಐದು ಬಿಳಿ ಚುಕ್ಕಿ. ಕೆಳಗೊಂದು ಗೀಟು, ಅದರ ಎಡತುದಿಗೆ ಒಂದು ಗುಂಡಿ.

"ಇದು ಸೆಳೆತ," ಎಂದಳು ಮೆಹಜಬೀನ್. "ಎಲ್ಲಾರ ಕಥ್ಯಾಗೂ ಇದು ಪೂರಾ ಬಲಕ್ಕ ಇರತೈತಿ. ಮಿಯೋರಾಂದು ನಾನು ಸೊನ್ನೀಗೆ ತಂದೀನಿ. ಉಳದ ನಾಲ್ವರದು ಹಂಗ ಐತಿ, ಆಕಿ ಮಾತು ಕೇಳೂವಷ್ಟ ಕಿವಿ ಕೊಟ್ಟೀನಿ. ಆಕಿಗೆ ನೀವು ಯಾರಂತ ಗೊತ್ತಿರಂಗಿಲ್ಲ. ಆದ್ರ ಕಾಕಾ..." ಅವಳು ಗುಂಡಿಯನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಿ ತೋರಿಸಿದಳು. "ಇಷ್ಟ ಇಡ್ಲೇನ್ರಿ? ಬಾಕಿದ್ದು ಎಲ್ಲಾ ಹಂಗ ಇರತೈತಿ. ತಿರುಗಿ ನೋಡ್ತಾಳ. ಮಾತಾಡಸ್ತಾಳ."

"ಕಸ್ತೂರಿಗತೆ ಮಾತಾಡ್ತಾಳೇನು?"

"ಆಕಿಗತೇನ. ಎಷ್ಟೊತ್ತು ಬೇಕಾದ್ರೂ."

ಫಕೀರಪ್ಪ ಆ ಗುಂಡಿಯನ್ನು ನೋಡಿದ. ಬೆರಳು ಅದರ ಹತ್ತಿರ ಹೋಯಿತು. ಒಂದು ಕೂದಲೆಳೆಯಷ್ಟು. 'ಊಟಾ ಆತೇನ್ರೀ' ಎಂದು ಒಮ್ಮೆ ಕೇಳಿದರೆ ಸಾಕಿತ್ತು. ಹಾಗೆ ಕೇಳುವಂತೆ ಮಾಡಿದ್ದು ಯಾರು ಎಂಬುದನ್ನು ಮರೆತುಬಿಡಬಹುದಾಗಿತ್ತು. ಮೆಹಜಬೀನ್ ಅವನ ಮುಖ ನೋಡದೆ ಕಿಟಕಿಯತ್ತ ತಿರುಗಿ ನಿಂತಳು.

"ಬ್ಯಾಡವಾ," ಎಂದ. ಗುಂಡಿಯನ್ನು ತಾನೇ ಎಡತುದಿಗೆ ಸರಿಸಿದ. "ಸೊನ್ನೀಗೆ ಇರ್ಲಿ. ಬರೂದಿದ್ರ ತಾನ ಬರ್ಲಿ."

ಪಟ್ಟಿ ಕಟ್ಟಿಕೊಂಡ.

ಛತ್ರ ಖಾಲಿಯಿತ್ತು. ಒಲೆ ಆರಿತ್ತು. ತಟ್ಟೆಯೊಂದರಲ್ಲಿ ಯಾರೋ ಉಂಡು ಬಿಟ್ಟ ಅನ್ನದ ಅಗುಳುಗಳಿದ್ದವು. ಹಿಂದಿನ ಅಂಗಳದಿಂದ ನಗು ಕೇಳಿಸಿತು. ಹೊಟ್ಟೆಯ ಆಳದಿಂದ ಎದ್ದು, ಎದೆಯಲ್ಲಿ ಗುಡುಗಿ, ಕೊನೆಗೆ ಗಂಟಲು ಹರಿದು ಹೊರಬೀಳುವ ನಗು. ಇಷ್ಟು ವರ್ಷ ಬಾಳಿದ ಮನೆಯಲ್ಲಿ ಫಕೀರಪ್ಪ ಅದನ್ನು ಕೇಳಿರಲಿಲ್ಲ.

ಅವನು ಅಂಗಳದ ಹೆಬ್ಬಾಗಿಲ ತೋರಣದ ಬಳಿ ಹೋಗಿ ನಿಂತ. ಮಿಯೋರಾ ಬೋರಲು ಹಾಕಿದ ಪೀಪಾಯಿಯ ಮೇಲೆ ನಿಂತಿದ್ದಳು, ಹೆಗಲಿಗೆ ಮೇಜಿನ ಹೊದಿಕೆ. ಮುಂದೆ ಉಳಿದ ನಾಲ್ವರು ನೆಲದ ಮೇಲೆ ಕೂತಿದ್ದರು.

"ಏ ರಾಜಕುಮಾರಿ, ಏನವಾ ನಿಂದು 'ಹೂಂ' ಅನ್ನೂದು? ಸಿಟ್ಟು ಅಂದ್ರ ಮೂಗಿನಾಗ ಅಲ್ಲ, ಇಲ್ಲೆ, ಹೊಟ್ಟ್ಯಾಗ. ನಿನ್ನ ರಾಜ್ಯ ಕಸಗೊಂಡೀನಿ ನಾ. ನಾ ಯಾವ ಗಂಡಸಿಗೋ ನೀರು ಕೊಟ್ಟೆ ಅಂತ ಸಿಟ್ಟಾಗಾಕತ್ತಿಲ್ಲ ನೀ. ಮತ್ತೊಮ್ಮೆ!"

ರಾಜಕುಮಾರಿ ತಡವರಿಸಿದಳು. "ನನ್ನ... ನನ್ನ ರಾಜ್ಯ ಕೊಡು."

"ಕೇಳಸಲಿಲ್ಲ!"

"ನನ್ನ ರಾಜ್ಯ ಕೊಡು!"

"ಹಾಂ! ಈಗ ಬಂತು."

ಆಗ ಬೆಕ್ಕಿನ ಕಿವಿಯವಳು ಮೂಗು ಅರಳಿಸಿ ತಿರುಗಿದಳು. ತೋರಣದ ಬಳಿ ಫಕೀರಪ್ಪ ಕಂಡ. ನಾಲ್ಕೂ ಮುಖಗಳು ಒಟ್ಟಿಗೇ ಅವನತ್ತ ಹೊರಳಿದವು. "ನಾಯಕರೇ!" ಎಂದು ನಾಲ್ಕೂ ಕೊರಳು ಕೂಗಿದವು, ನಾಲ್ವರೂ ಎದ್ದರು.

ಮಿಯೋರಾ ಚಪ್ಪಾಳೆ ತಟ್ಟಿದಳು. "ಏ ಏ, ಎಲ್ಲಿ ಹೊಂಟ್ರಿ? ತಾಲೀಮು ಇನ್ನೂ ಮುಗದಿಲ್ಲ. ನಿನಗ ಮಂತ್ರಿ ಪಾರ್ಟು ಬ್ಯಾಡೇನ ಹಂಗಾರ?"

ಮಂತ್ರವಾದಿನಿ ನಿಂತಲ್ಲೇ ನಿಂತಳು. ಕನ್ನಡಕ ಸರಿಪಡಿಸಿಕೊಂಡು ಫಕೀರಪ್ಪನನ್ನೊಮ್ಮೆ, ಮಿಯೋರಾಳನ್ನೊಮ್ಮೆ ನೋಡಿದಳು. "ಮಂತ್ರಿಗೆ ಮಾತು ಎಷ್ಟಿದೆ?" ಎಂದು ಕೇಳಿದಳು.

"ಬೇಕಾದಷ್ಟೈತಿ. ಬಾ."

ಅವಳು ಹೋಗಿ ಕೂತಳು. ಆಮೇಲೆ ಉಳಿದವರೂ, ಒಬ್ಬೊಬ್ಬರಾಗಿ. ಫಕೀರಪ್ಪನ ಕಿವಿಯ ಹೊರಗೆ, ಬಹಳ ದೂರದಿಂದ ಎಂಬಂತೆ, "ಬಿಟ್ಟು ಹೊಂಟ್ರು ನೋಡ್ರಿ" ಎಂಬ ಮೆಹಜಬೀನಳ ಪಿಸುಮಾತು ಕೇಳಿಸಿತು. ಪರದೆಯ ಮೇಲೆ ಬಿಳಿಯ ಚುಕ್ಕಿಗಳು ಕೆಂಪನ್ನು ಬಿಟ್ಟು ಸರಿಯುತ್ತಿದ್ದವು.

ತಾಲೀಮು ಮುಗಿಯಿತು. ಅವರು ಗಾಡಿಗೆ ಸಾಮಾನು ಹೇರಿದರು: ಪರದೆಗೆಂದು ಹಾಸಿಗೆಯ ಹೊದಿಕೆಗಳು, ಕಿರೀಟಕ್ಕೆಂದು ತಪ್ಪಲೆಯ ಮುಚ್ಚಳಗಳು. ಮುಂದಿನ ಊರು ಎಷ್ಟು ದೂರ ಎಂದು ರಾಕ್ಷಸರಾಜನ ಮಗಳು ಕೇಳಿದಳು. "ಹೋದ್ರ ಗೊತ್ತಾಗತೈತಿ," ಎಂದಳು ಮಿಯೋರಾ. ಕುದುರೆಯ ಹಗ್ಗ ಹಿಡಿದು ತೋರಣದತ್ತ ನಡೆದು ಬಂದಳು.

ಫಕೀರಪ್ಪ ಈ ಸಲ ಗೋಡೆಯತ್ತ ನೋಡಲಿಲ್ಲ. ಆ ಹಸಿರು ಕೂದಲನ್ನು, ಆ ದೊಡ್ಡ ಕಣ್ಣುಗಳನ್ನೇ ನೋಡಿದ. ಹೇಳಬೇಕೆಂದುಕೊಂಡ ಮಾತೆಲ್ಲ ಬಾಯಿಗೆ ಬಂದು ಗುಂಪುಗಟ್ಟಿತು. ಕಸ್ತೂರಿ ಎಂದರೆ ಸಾಕು, ಅನ್ನಿಸಿತು. ಅವಳು ಬಂದಳು, ಬಂದಳು, ಇನ್ನೇನು ಕೈಚಾಚಿದರೆ ಸಿಗುವಷ್ಟು ಹತ್ತಿರ ಬಂದು ನಿಂತಳು.

"ಹಾದಿ ಬಿಡ್ರೆಪಾ," ಎಂದಳು. "ಗಾಡಿ ಹೋಗಬೇಕು."

ಅವನು ಸರಿದು ನಿಂತ. ಗಾಲಿ ಅವನ ಪಾದದ ಪಕ್ಕದಲ್ಲೇ ಉರುಳಿಹೋಯಿತು.

ದೂರ ಬಿಟ್ಟುಕೊಂಡು ಹಿಂದೆಯೇ ನಡೆದ. ಊರು ಮುಗಿದು, ಹೊಲಗಳು ಮುಗಿದು, ಒಂದು ಕಲ್ಲಿನ ಸೇತುವೆ ಬಂತು. ಸೇತುವೆಯ ಆಚೆ ಏನೂ ಇರಲಿಲ್ಲ, ಬರೀ ಬಿಳುಪು. ಯಾವ ನಾಯಕನೂ ಅತ್ತ ಹೋಗಲು ಬಯಸಿರಲಿಲ್ಲವಾದ್ದರಿಂದ ಅಲ್ಲಿ ಯಾರೂ ಏನನ್ನೂ ಮಾಡಿಟ್ಟಿರಲಿಲ್ಲ. ಗಾಡಿ ಸೇತುವೆ ದಾಟಿತು. ಮೊದಲು ಕುದುರೆ ಮರೆಯಾಯಿತು, ಆಮೇಲೆ ಹಸಿರು ಕೂದಲು, ಆಮೇಲೆ ಗಾಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಬೆಕ್ಕಿನ ಕಿವಿಯವಳು. ಕಾಣದಾದ ಮೇಲೂ ದನಿ ಕೇಳುತ್ತಿತ್ತು. ಕಸ್ತೂರಿ ಯಾರಿಗೋ ನಗುವುದನ್ನು ಕಲಿಸುತ್ತಿದ್ದಳು. ಹಂಗಲ್ಲ, ಹಿಂಗ. ಮತ್ತೊಮ್ಮೆ. ದನಿ ಸಣ್ಣದಾಯಿತು. ಮಾತು ತಿಳಿಯದಾಯಿತು. ಆಮೇಲೆ ಫಕೀರಪ್ಪ ಎಷ್ಟು ಕಿವಿಗೊಟ್ಟರೂ ತನ್ನ ಉಸಿರು ಮಾತ್ರ ಕೇಳಿಸಿತು.

ಮೆಹಜಬೀನ್ ಭುಜ ಮುಟ್ಟಿದಾಗ ಅವನು ಪಟ್ಟಿ ಬಿಚ್ಚಿದ.

"ಮತ್ತ ಮೊದಲಿಂದ ಶುರು ಮಾಡ್ಲೇನ್ರಿ?" ಎಂದು ಅವಳು ಮೆಲ್ಲಗೆ ಕೇಳಿದಳು. "ತಾಲೀಮಿನಿಂದ? ಇನ್ನೂ ನಾಲ್ಕು ದಿನಾ ಇರತೈತಿ ಇದು."

"ಬ್ಯಾಡ. ಹೋಗ್ಯಾಳ. ಹೋಗ್ಲಿ."

"ಆಚೀ ಕಡೆ ಏನೂ ಇಲ್ರಿ ಕಾಕಾ. ನಾವು ಏನೂ ಮಾಡಿಲ್ಲ ಅಲ್ಲೆ."

"ಆಕಿ ಮಾಡ್ಕೋತಾಳ ಬಿಡವಾ," ಎಂದ ಫಕೀರಪ್ಪ. ಹೇಳಿ, ಮುಖವನ್ನು ಅಂಗೈಗಳಲ್ಲಿ ಮುಚ್ಚಿಕೊಂಡು ಕೂತ. ಮೆಹಜಬೀನ್ ಪರದೆ ಆರಿಸಿ, ಅವನ ಪಕ್ಕದ ಕುರ್ಚಿಯಲ್ಲಿ ಕೂತಳು.

ಅವನು ರೈಲಿನಲ್ಲಿ ಹುಬ್ಬಳ್ಳಿಗೆ ಬಂದಾಗ ಸಂಜೆಯ ಬಿಸಿಲು ಪ್ಲಾಟ್‌ಫಾರ್ಮಿನ ಮೇಲೆ ಉದ್ದಕ್ಕೆ ಬಿದ್ದಿತ್ತು. ವಾಸಂತಿ ಬೆಂಚಿನ ಮೇಲೆ ಕಾದಿದ್ದಳು, ಇನ್ನೂ ಸಮವಸ್ತ್ರದಲ್ಲೇ, ಕೈಗೆ ಗ್ರೀಸ್ ಮೆತ್ತಿಕೊಂಡು. ಅವನು ಬಂದು ಪಕ್ಕದಲ್ಲಿ ಕೂತ. ಎದುರಿನ ಹಳಿಯ ಮೇಲೆ ಗೂಡ್ಸೊಂದು ನಿಧಾನ ಸರಿಯುತ್ತಿತ್ತು. ಅದು ಪೂರ್ತಿ ಹೋದ ಮೇಲೆ ವಾಸಂತಿ ಕೇಳಿದಳು.

"ಸಿಕ್ಕಿದ್ಲೇನು?"

"ಸಿಕ್ಕಿದ್ಲು."

"ಏನಂದ್ಲು?"

"ಹಾದಿ ಬಿಡ್ರಿ ಅಂದ್ಲು."

ವಾಸಂತಿ ಅಪ್ಪನ ಮುಖ ನೋಡಿದಳು.

"ಸಿಟ್ಟಿಲೆ ಅಂದ್ಲೇನು?"

"ಇಲ್ಲವಾ," ಎಂದ ಫಕೀರಪ್ಪ. "ಕೆಲಸದಾಗಿದ್ಲು."